ಗಾರ್ಬೇಜ್ ಕಲೆಕ್ಟರ್ ಇದ್ದರೂ ಮೆಮೊರಿ ತುಂಬುವುದೇಕೆ?

ಪ್ರಶ್ನೆ: ಸರ್, ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಬ್ಯಾಕ್‌ಎಂಡ್ ಕೆಲಸ ಮಾಡುತ್ತೇನೆ. ನಮ್ಮ ಸರ್ವಿಸ್ ಜಾವಾ 17 ಮತ್ತು ಸ್ಪ್ರಿಂಗ್ ಬೂಟ್‌ನಲ್ಲಿದೆ, ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್ ಮೇಲೆ ಓಡುತ್ತದೆ. ಪಾಡ್‌ಗೆ, ಅಂದರೆ ಸರ್ವಿಸ್‌ನ ಕಂಟೇನರ್ ಇರುವ ಘಟಕಕ್ಕೆ, 2 ಜಿಬಿ ಮೆಮೊರಿ ಲಿಮಿಟ್, 2 ಸಿಪಿಯು. ಜಾವಾ ಆಬ್ಜೆಕ್ಟ್‌ಗಳು ಕೂರುವ ಹೀಪ್‌ಗೂ ಎಕ್ಸ್‌ಎಂಎಕ್ಸ್ (ಹೀಪ್‌ನ ಗರಿಷ್ಠ ಗಾತ್ರ) 2 ಜಿಬಿ ಎಂದೇ ಕೊಟ್ಟಿದ್ದೇವೆ. ಮೂರು-ನಾಲ್ಕು ದಿನಕ್ಕೊಮ್ಮೆ ಪಾಡ್ 137 ಎಂಬ ಕೋಡ್ ತೋರಿಸಿ ಸಾಯುತ್ತದೆ, ಮತ್ತೆ ಏಳುತ್ತದೆ. ಲಾಗ್‌ನಲ್ಲಿ ಔಟ್ ಆಫ್ ಮೆಮೊರಿ ಎರರ್ ಎಂಬ ಒಂದು ಸಾಲೂ ಇಲ್ಲ. ಮೆಮೊರಿ ಗ್ರಾಫ್ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ನಮ್ಮ ಟೀಮ್ ಲೀಡ್ "ಜಾವಾದಲ್ಲಿ ಜಿಸಿ (ಬೇಡವಾದ ಮೆಮೊರಿಯನ್ನು ತಾನೇ ಬಿಡಿಸುವ ಗಾರ್ಬೇಜ್ ಕಲೆಕ್ಟರ್) ಇದೆ, ಲೀಕ್ ಆಗುವ ಮಾತೇ ಇಲ್ಲ, ಲಿಮಿಟ್ 4 ಜಿಬಿ ಮಾಡಿ" ಎನ್ನುತ್ತಾರೆ. ಇನ್ನೊಬ್ಬರು ಹತ್ತು ನಿಮಿಷಕ್ಕೊಮ್ಮೆ, ಜಿಸಿ ಮಾಡಿಸುವ ಸಿಸ್ಟಮ್ ಡಾಟ್ ಜಿಸಿ ಮೆಥಡ್ ಕರೆಯುವ ಶೆಡ್ಯೂಲರ್ ಹಾಕಿದರು. ಈಗ ರೆಸ್ಪಾನ್ಸ್ ಆಗಾಗ ನಿಂತೇ ಹೋಗುತ್ತದೆ, ಪಾಡ್ ಸಾಯುವುದಂತೂ ತಪ್ಪಿಲ್ಲ. ಮತ್ತೊಬ್ಬರು ಎಲ್ಲವನ್ನೂ ರಸ್ಟ್ ಭಾಷೆಯಲ್ಲಿ ಬರೆಯೋಣ ಎನ್ನುತ್ತಿದ್ದಾರೆ. ದಿನಕ್ಕೆ ಸುಮಾರು 10,000 ಲಾಗಿನ್ ಆಗುತ್ತವೆ. ಲಾಗಿನ್ ಆದವರ ವಿವರವನ್ನು ಒಂದು ಸ್ಟ್ಯಾಟಿಕ್ ಮ್ಯಾಪ್‌ನಲ್ಲಿ (ಪ್ರೋಗ್ರಾಮ್ ಓಡುವಷ್ಟು ಕಾಲವೂ ಉಳಿಯುವ ಪಟ್ಟಿ) ಇಟ್ಟು, ಲಾಗ್‌ಔಟ್ ಆದಾಗ ತೆಗೆಯುತ್ತೇವೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲ ಕೆಲಸ ನಿಮಗೆ ವಿಚಿತ್ರ ಎನಿಸಬಹುದು: ಹೀಪ್ ಹೆಚ್ಚಿಸಬೇಡಿ, ಇಳಿಸಿ. 2 ಜಿಬಿ ಲಿಮಿಟ್ ಹಾಗೇ ಇರಲಿ, ಎಕ್ಸ್‌ಎಂಎಕ್ಸ್ ಅನ್ನು 1,300 ಎಂಬಿಗೆ ತನ್ನಿ. ಯಾಕೆಂದರೆ ಈಗಿನ ಸೆಟ್ಟಿಂಗ್‌ನಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಒಂದೇ ಲಕ್ಷಣ ತೋರಿಸುತ್ತವೆ. ಅವೆರಡನ್ನೂ ಬೇರ್ಪಡಿಸದೆ ಯಾವ ಮದ್ದು ಕೊಟ್ಟರೂ ಅದು ಊಹೆಯೇ ಆಗುತ್ತದೆ.

137 ಎಂದರೆ 128 ಕೂಡಿಸು 9. ಲಿನಕ್ಸ್ ಕರ್ನಲ್ 9ನೇ ಸಿಗ್ನಲ್ ಕಳಿಸಿ ಪ್ರೊಸೆಸ್ಸನ್ನು ಕೊಂದಿದೆ ಎಂದರ್ಥ. ಪಾಡ್‌ನ ವಿವರ ತೆಗೆದು ನೋಡಿದರೆ ಹಿಂದಿನ ಸ್ಥಿತಿಯ ಮುಂದೆ ಒಒಎಂ ಕಿಲ್ಡ್ (ಮೆಮೊರಿ ಮೀರಿದ್ದಕ್ಕೆ ಕೊಲ್ಲಲಾಗಿದೆ) ಎಂದು ಇರಬೇಕು, ಮೊದಲು ಅದನ್ನು ಖಚಿತ ಮಾಡಿಕೊಳ್ಳಿ. ಈ ಸಿಗ್ನಲ್ಲನ್ನು ಯಾವ ಪ್ರೋಗ್ರಾಮೂ ತಡೆಯಲಾರದು, ಕೊನೆಯ ಮಾತು ಬರೆದಿಡಲೂ ಅವಕಾಶವಿಲ್ಲ. ನಿಮ್ಮ ಲಾಗ್ ಖಾಲಿ ಇರುವುದು ಅದಕ್ಕೇ. ಜಾವಾದ ಔಟ್ ಆಫ್ ಮೆಮೊರಿ ಎರರ್ ಬರುವುದು ಹೀಪ್ ತನ್ನ ಎಕ್ಸ್‌ಎಂಎಕ್ಸ್ ಗೋಡೆಗೆ ತಾಗಿದಾಗ. ಕರ್ನಲ್ ಕೊಲ್ಲುವುದು ಇಡೀ ಪ್ರೊಸೆಸ್ ಕಂಟೇನರ್‌ನ ಗೋಡೆಗೆ ತಾಗಿದಾಗ. ನೀವು ಎರಡೂ ಗೋಡೆಗಳನ್ನು 2 ಜಿಬಿಯಲ್ಲೇ ಕಟ್ಟಿದ್ದೀರಿ. ಹೀಪ್ ಅಲ್ಲದೆ ಬೇರೆ ಖರ್ಚೂ ಇರುವುದರಿಂದ ಕಂಟೇನರ್ ಗೋಡೆಯೇ ಯಾವಾಗಲೂ ಮೊದಲು ಸಿಗುತ್ತದೆ. ಹೀಗಾಗಿ ಹೀಪ್‌ನಲ್ಲಿ ಸೋರಿಕೆ ಇದ್ದರೂ 137, ಸೋರಿಕೆ ಇಲ್ಲದೆ ಲೆಕ್ಕ ಮಾತ್ರ ತಪ್ಪಿದ್ದರೂ 137.

ಆ ಬೇರೆ ಖರ್ಚು ಎಷ್ಟು? ಲೋಡ್ ಆದ ಕ್ಲಾಸ್‌ಗಳ ವಿವರ ಮೆಟಾಸ್ಪೇಸ್‌ನಲ್ಲಿ ಕೂರುತ್ತದೆ. ಸ್ಪ್ರಿಂಗ್ ಬೂಟ್ ಸರ್ವಿಸ್‌ಗೆ 100ರಿಂದ 150 ಎಂಬಿ ಸಾಮಾನ್ಯ, ಮತ್ತು ನೀವಾಗಿ ಮಿತಿ ಹಾಕದಿದ್ದರೆ ಅದಕ್ಕೆ ಮಿತಿಯೇ ಇಲ್ಲ. ಓಡುವಾಗಲೇ ಕೆಲಸ ಮಾಡುವ ಜಿಟ್ ಕಂಪೈಲರ್ ತಯಾರಿಸಿದ ಮಷೀನ್ ಕೋಡ್ ಇಡುವ ಕೋಡ್ ಕ್ಯಾಶ್‌ಗೆ 240 ಎಂಬಿ ಕಾದಿರಿಸಲಾಗುತ್ತದೆ, ಬಳಕೆ ಅದಕ್ಕಿಂತ ಸಾಕಷ್ಟು ಕಡಿಮೆ. ಪ್ರತಿ ಥ್ರೆಡ್‌ನ ಸ್ಟ್ಯಾಕ್‌ಗೆ 64 ಬಿಟ್ ಲಿನಕ್ಸ್‌ನಲ್ಲಿ 1 ಎಂಬಿ ಮೀಸಲು. ಸ್ಪ್ರಿಂಗ್ ಬೂಟ್ ಒಳಗಿನ ವೆಬ್ ಸರ್ವರ್ ಟಾಮ್‌ಕ್ಯಾಟ್ ಒಂದೇ 200 ಥ್ರೆಡ್‌ವರೆಗೆ ಹೋಗಬಲ್ಲದು. ಮುಟ್ಟಿದ ಮೆಮೊರಿ ಪುಟಗಳು ಮಾತ್ರ ಲೆಕ್ಕಕ್ಕೆ ಬರುವುದರಿಂದ ನಿಜವಾದ ಖರ್ಚು ಅದರ ಒಂದು ಭಾಗ. ಜಿಸಿ ತನ್ನ ಗುರುತು-ಪಟ್ಟಿಗಳಿಗೆ ಜಾಗ ಕೇಳುತ್ತದೆ, ಹೀಪ್ ದೊಡ್ಡದಾದಷ್ಟೂ ಇದೂ ದೊಡ್ಡದಾಗುತ್ತದೆ. ಇನ್ನು ನೆಟ್‌ವರ್ಕ್ ಲೈಬ್ರರಿಗಳು ಬಳಸುವ ಡೈರೆಕ್ಟ್ ಬಫರ್. ಇದರ ಮಿತಿಯನ್ನು ಪ್ರತ್ಯೇಕವಾಗಿ ಹೇಳದಿದ್ದರೆ ಜೆವಿಎಂ (ಜಾವಾ ಪ್ರೋಗ್ರಾಮನ್ನು ಓಡಿಸುವ ತಂತ್ರಾಂಶ) ಅದಕ್ಕೂ ಹೀಪ್‌ನಷ್ಟೇ ಮಿತಿ ಕೊಡುತ್ತದೆ. ಅಂದರೆ 2 ಜಿಬಿ ಹೀಪ್ ಕೇಳಿದವರು ಕಾಗದದ ಮೇಲೆ 4 ಜಿಬಿಗೆ ಸಹಿ ಹಾಕಿದಂತಾಯಿತು. ಮೆಟಾಸ್ಪೇಸ್ 150, ಕೋಡ್ ಕ್ಯಾಶ್ 100, ಸ್ಟ್ಯಾಕ್ 100, ಜಿಸಿ 100, ಡೈರೆಕ್ಟ್ ಬಫರ್ 100, ಉಳಿಕೆ 200 ಎಂದು ಹಿಡಿದರೆ 750 ಎಂಬಿ ಆಯಿತು. 2,048ರಲ್ಲಿ ಅದನ್ನು ಕಳೆದರೆ ಉಳಿಯುವುದು 1,298. ನಾನು 1,300 ಎಂದದ್ದು ಈ ಲೆಕ್ಕದಿಂದ. ನಿಮ್ಮ ಸರ್ವಿಸ್‌ನ ನಿಜ ಅಂಕಿ ಸಿಕ್ಕಿದ ಮೇಲೆ ಇದನ್ನು ತಿದ್ದಿಕೊಳ್ಳಿ.

ಎಂಬಿ ಲೆಕ್ಕದ ಬದಲು ಶೇಕಡಾ ಲೆಕ್ಕ ಬೇಕಿದ್ದರೆ ಮ್ಯಾಕ್ಸ್‌ರ್ಯಾಮ್‌ಪರ್ಸೆಂಟೇಜ್ ಎಂಬ ಫ್ಲ್ಯಾಗ್ ಇದೆ. ಇಲ್ಲಿ 60ರಿಂದ 65 ಸರಿಹೋಗುತ್ತದೆ. ಎರಡನ್ನೂ ಕೊಟ್ಟರೆ ಎಕ್ಸ್‌ಎಂಎಕ್ಸ್ ಮಾತ್ರ ನಡೆಯುತ್ತದೆ. ಎರಡನ್ನೂ ಕೊಡದಿದ್ದರೆ ಜೆವಿಎಂ ಕಂಟೇನರ್ ಮೆಮೊರಿಯ ಕಾಲು ಭಾಗವನ್ನಷ್ಟೇ ಹೀಪ್‌ಗೆ ತೆಗೆದುಕೊಳ್ಳುತ್ತದೆ, ನಿಮ್ಮಲ್ಲಾದರೆ 512 ಎಂಬಿ. ಜಾವಾ 8ರ ಹಳೆಯ ಬಿಲ್ಡ್‌ಗಳು, ಅಂದರೆ 191ನೇ ಅಪ್‌ಡೇಟ್‌ಗಿಂತ ಹಿಂದಿನವು, ಕಂಟೇನರ್ ಲಿಮಿಟ್ ನೋಡದೆ ಇಡೀ ಮಷೀನಿನ ರ್ಯಾಮ್ ನೋಡುತ್ತಿದ್ದವು. ನೀವು 17ರಲ್ಲಿರುವುದರಿಂದ ಆ ತೊಂದರೆ ಇಲ್ಲ.

ಏರಿದ ಗ್ರಾಫ್ ಇಳಿಯದಿದ್ದರೆ ಲೀಕ್ ಎಂದೇ ಅರ್ಥವೇ?

ಅಲ್ಲ. ಜೆವಿಎಂ ಹೀಪನ್ನು ಮೊದಲ ದಿನವೇ ಪೂರ್ತಿ ಮುಟ್ಟುವುದಿಲ್ಲ, ಬೇಕಾದಂತೆ ಹಿಗ್ಗಿಸುತ್ತ ಹೋಗುತ್ತದೆ. ಒಮ್ಮೆ ಪಡೆದ ಪುಟಗಳು ಖಾಲಿಯಾದರೂ ಕರ್ನಲ್‌ಗೆ ಹಿಂತಿರುಗಿಸುವುದರಲ್ಲಿ ಅದು ಜಿಪುಣ. ಹಾಗಾಗಿ ಆರೋಗ್ಯವಾಗಿರುವ ಸರ್ವಿಸ್‌ನ ಪಾಡ್ ಗ್ರಾಫ್ ಕೂಡ ಎರಡು-ಮೂರು ದಿನ ಏರಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ನಿಮ್ಮಲ್ಲಿ ಆ ಮಟ್ಟ ಲಿಮಿಟ್‌ಗಿಂತ ಮೇಲೆ ಇರುವುದರಿಂದ, ನಿಲ್ಲುವ ಮೊದಲೇ ಸಾವು ಬರುತ್ತಿರಬಹುದು. "ಮೂರು-ನಾಲ್ಕು ದಿನ" ಎಂಬ ಅವಧಿಯೊಂದರಿಂದಲೇ ಸೋರಿಕೆ ಇದೆ ಎಂದು ತೀರ್ಮಾನಿಸಬೇಡಿ.

ನೋಡಬೇಕಾದ ಅಂಕಿ ಬೇರೆ: ಜಿಸಿ ಆದ ಮೇಲೆ ಹೀಪ್‌ನಲ್ಲಿ ಉಳಿದದ್ದು ಎಷ್ಟು. ಅದಕ್ಕೆ ಜಿಸಿ ಲಾಗ್ ಬೇಕು. ಜಾವಾ 9ರಿಂದ ಈಚೆಗೆ ಎಕ್ಸ್‌ಲಾಗ್ ಫ್ಲ್ಯಾಗ್‌ಗೆ ಜಿಸಿ ಎಂದು ಕೊಟ್ಟು ಒಂದು ಫೈಲ್‌ಗೆ ಬರೆಸಿದರೆ ಸಾಕು, ಖರ್ಚು ಗಮನಕ್ಕೆ ಬಾರದಷ್ಟು ಕಡಿಮೆ. ಪ್ರೊಡಕ್ಷನ್‌ನಲ್ಲಿ ಸದಾ ಆನ್ ಇರಬೇಕಾದ ಲಾಗ್ ಇದು. ಅದರಲ್ಲಿ ಪ್ರತಿ ಜಿಸಿಗೂ ಒಂದು ಸಾಲು ಇರುತ್ತದೆ. ಸಾಲಿನ ಕೊನೆಯಲ್ಲಿ "1180ಎಂ->640ಎಂ(1300ಎಂ) 18.2ಎಂಎಸ್" ಎಂಬ ರೀತಿಯ ಅಂಕಿಗಳು. ಜಿಸಿಗೆ ಮುಂಚೆ 1,180 ಎಂಬಿ ತುಂಬಿತ್ತು, ಆಮೇಲೆ 640 ಉಳಿಯಿತು, ಆ ಹೊತ್ತಿನ ಹೀಪ್ ಗಾತ್ರ 1,300, ಅಷ್ಟು ಹೊತ್ತು ಪ್ರೋಗ್ರಾಮ್ ನಿಂತದ್ದು 18.2 ಮಿಲಿಸೆಕೆಂಡ್. ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಇದು ಯಂಗ್ ಜಿಸಿಯ, ಅಂದರೆ ಹೊಸ ಆಬ್ಜೆಕ್ಟ್‌ಗಳ ಭಾಗವನ್ನಷ್ಟೇ ಗುಡಿಸುವ ಜಿಸಿಯ, ಸಾಲಾಗಿದ್ದರೆ 640ರಲ್ಲಿ ಹಳೆಯ ಭಾಗದ ಕಸವೂ ಸೇರಿರುತ್ತದೆ. ನಿಮ್ಮ ಪಾಡ್‌ನಲ್ಲಿ ಜಾವಾ 17 ತಾನಾಗಿ ಆರಿಸುವ ಜಿ1 ಕಲೆಕ್ಟರ್ ಹಳೆಯ ಭಾಗವನ್ನು ಗುರುತಿಸಲು ಹೊರಡುವುದೇ ಹೀಪ್‌ನ ಸುಮಾರು 45 ಶೇಕಡಾ ತುಂಬಿದ ಮೇಲೆ, ಆಮೇಲೆ ಅನುಭವದ ಮೇಲೆ ಆ ಗೆರೆಯನ್ನು ತಾನೇ ಸರಿಸಿಕೊಳ್ಳುತ್ತದೆ. ಆದ್ದರಿಂದ ಒಂದೊಂದು ಸಾಲನ್ನಲ್ಲ, ಗರಗಸದ ಹಲ್ಲಿನಂತೆ ಏರಿಳಿಯುವ ಗೆರೆಯ ಅತಿ ತಳದ ಬಿಂದುಗಳನ್ನು ನೋಡಿ. ಪ್ರತಿದಿನ ಬೆಳಗಿನ ಜಾವ 3 ಗಂಟೆಯ ಆಸುಪಾಸು, ಅಂದರೆ ಲೋಡ್ ಒಂದೇ ತೆರನಾಗಿರುವ ಹೊತ್ತಿನಲ್ಲಿ, ತಳ 420, 425, 418 ಎಂದು ನಿಂತಿದ್ದರೆ ಹೀಪ್‌ನಲ್ಲಿ ಸೋರಿಕೆ ಇಲ್ಲ. 420, 600, 790 ಎಂದು ಹೋಗುತ್ತಿದ್ದರೆ ಇದೆ.

ಜಿಸಿ ಇರುವಾಗ ಲೀಕ್ ಹೇಗೆ?

ನಿಮ್ಮ ಲೀಡ್ ಹೇಳಿದ್ದು ಬಹಳ ಜನ ನಂಬಿರುವ ಮಾತು, ಅದರ ಅರ್ಧ ನಿಜ. ಜಿಸಿ ಪ್ರತಿ ಥ್ರೆಡ್‌ನ ಸ್ಟ್ಯಾಕ್, ಸ್ಟ್ಯಾಟಿಕ್ ಫೀಲ್ಡ್‌ಗಳು ಮತ್ತಿತರ ಬೇರುಗಳಿಂದ ಹೊರಟು, ರೆಫರೆನ್ಸ್ ಹಿಡಿದು ಎಲ್ಲೆಲ್ಲಿಗೆ ತಲುಪಬಹುದೋ ಅದನ್ನೆಲ್ಲ ಜೀವಂತ ಎಂದು ಗುರುತಿಸುತ್ತದೆ. ತಲುಪಲಾಗದ್ದು ಕಸ. ಒಂದು ಆಬ್ಜೆಕ್ಟ್ ನಿಮಗೆ ಇನ್ನು ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ, ಕೇಳಲು ಸಾಧ್ಯವೂ ಇಲ್ಲ. ಕಸದ ಗಾಡಿಯವರು ಬಾಗಿಲ ಹೊರಗೆ ಇಟ್ಟದ್ದನ್ನು ಒಯ್ಯುತ್ತಾರೆ. ಅಟ್ಟದ ಮೇಲೆ ಕಟ್ಟಿಟ್ಟ ಹಳೆಯ ಗಂಟು ಎಷ್ಟು ವರ್ಷ ಬಿದ್ದಿದ್ದರೂ ಅದು ಮನೆಯ ಸಾಮಾನೇ.

ನಿಮ್ಮ ಸ್ಟ್ಯಾಟಿಕ್ ಮ್ಯಾಪ್ ಅಂಥ ಜಾಗ. ಲಾಗ್‌ಔಟ್ ಒತ್ತಿದರೆ ಮಾತ್ರ ದಾಖಲೆ ಹೋಗುತ್ತದೆ ಎಂದಿದ್ದೀರಿ. ಆದರೆ ಜನ ಲಾಗ್‌ಔಟ್ ಒತ್ತುವುದು ಅಪರೂಪ. ಬ್ರೌಸರ್ ಮುಚ್ಚುತ್ತಾರೆ, ಫೋನ್ ಜೇಬಿಗೆ ಹಾಕುತ್ತಾರೆ. ಬಳಕೆದಾರರ ಪ್ರೊಫೈಲ್, ಅನುಮತಿಗಳ ಪಟ್ಟಿ, ಕೆಲವು ಸ್ಟ್ರಿಂಗ್‌ಗಳು ಸೇರಿ ಒಂದು ದಾಖಲೆ 20 ಕೆಬಿ ಎಂದಿಟ್ಟುಕೊಳ್ಳಿ. 10,000 ಲಾಗಿನ್‌ಗೆ 200 ಎಂಬಿ. ನಾಲ್ಕು ದಿನಕ್ಕೆ 800 ಎಂಬಿ. ನಿಮ್ಮ ಸಾವಿನ ಅವಧಿಗೆ ಈ ಲೆಕ್ಕ ಅನುಮಾನ ಬರುವಷ್ಟು ಹತ್ತಿರವಾಗಿದೆ. ಆದರೂ ಇದನ್ನು ತೀರ್ಪು ಎಂದುಕೊಳ್ಳಬೇಡಿ. ಹೀಪ್ ಡಂಪ್ (ಆ ಕ್ಷಣದ ಹೀಪ್‌ನ ನಕಲು ಫೈಲ್) ನೋಡುವವರೆಗೆ ಇದು ಶಂಕಿತ ಮಾತ್ರ.

ಇದೇ ಜಾತಿಯ ಬೇರೆ ಶಂಕಿತರನ್ನೂ ಹೇಳಿಬಿಡುತ್ತೇನೆ. ಗಾತ್ರದ ಮಿತಿಯಿಲ್ಲದ ಕ್ಯಾಶ್. ನೋಂದಾಯಿಸಿದ ಮೇಲೆ ತೆಗೆದುಹಾಕದ ಲಿಸನರ್. ಥ್ರೆಡ್‌ಲೋಕಲ್‌ನಲ್ಲಿ (ಒಂದೊಂದು ಥ್ರೆಡ್‌ನ ಸ್ವಂತ ಜಾಗ) ಇಟ್ಟು ರಿಮೂವ್ ಮಾಡದ ಮೌಲ್ಯ: ಥ್ರೆಡ್ ಪೂಲ್‌ನಲ್ಲಿ ಥ್ರೆಡ್ ಸಾಯುವುದೇ ಇಲ್ಲವಾದ್ದರಿಂದ ಮೌಲ್ಯವೂ ಸಾಯುವುದಿಲ್ಲ, ಮೇಲಾಗಿ ಒಬ್ಬರ ವಿವರ ಇನ್ನೊಬ್ಬರ ರಿಕ್ವೆಸ್ಟ್‌ಗೆ ಸಿಗುವ ಅಪಾಯವೂ ಇದೆ. ಮತ್ತು ಕಣ್ಣಿಗೆ ಸುಲಭವಾಗಿ ಕಾಣದ ಒಂದು: ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ (ಎರಡು ಆಬ್ಜೆಕ್ಟ್ ಸಮವೇ ಎಂದು ತಿಳಿಯಲು ಬೇಕಾದ ಮೆಥಡ್‌ಗಳು) ಬರೆಯದ ಕ್ಲಾಸನ್ನು ಮ್ಯಾಪ್‌ನ ಕೀ ಮಾಡುವುದು. ಆಗ ಪುಟ್ ಪ್ರತಿ ಬಾರಿಯೂ ಹೊಸ ದಾಖಲೆ ಸೇರಿಸುತ್ತದೆ, ರಿಮೂವ್ ಏನನ್ನೂ ತೆಗೆಯುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಕೋಡ್ ಓದಿದರೆ ತೆಗೆಯುವ ಸಾಲು ಕಾಣುತ್ತದೆ, ಎಲ್ಲ ಸರಿ ಎನಿಸುತ್ತದೆ.

ನೀವು ಕೇಳಿದ ಮೂರು ಸಲಹೆಗಳು

ಸಿಸ್ಟಮ್ ಡಾಟ್ ಜಿಸಿ ಶೆಡ್ಯೂಲರನ್ನು ಇಂದೇ ತೆಗೆಯಿರಿ. ಜಿ1ರಲ್ಲಿ ಅದು ಸಾಮಾನ್ಯವಾಗಿ ಫುಲ್ ಜಿಸಿ ನಡೆಸುತ್ತದೆ. ಎಲ್ಲ ಥ್ರೆಡ್‌ಗಳೂ ನಿಂತು ಕಾಯಬೇಕು. ನಿಮ್ಮ ರೆಸ್ಪಾನ್ಸ್ ನಿಲ್ಲುತ್ತಿರುವುದು ಬಹುತೇಕ ಇದರಿಂದಲೇ. ಜಿಸಿ ಲಾಗ್‌ನಲ್ಲಿ "ಪಾಸ್ ಫುಲ್" ಎಂಬ ಸಾಲು ಸರಿಯಾಗಿ ಹತ್ತು ನಿಮಿಷಕ್ಕೊಂದು ಬೀಳುತ್ತಿದ್ದರೆ ಸಾಕ್ಷಿ ಸಿಕ್ಕಂತೆ. ಮ್ಯಾಪ್ ಹಿಡಿದಿಟ್ಟದ್ದನ್ನು ಸಾವಿರ ಸಲ ಜಿಸಿ ಮಾಡಿದರೂ ಬಿಡಿಸಲಾಗದು. ಇದನ್ನು ತಡೆಯಲು ಡಿಸೇಬಲ್‌ಎಕ್ಸ್‌ಪ್ಲಿಸಿಟ್‌ಜಿಸಿ ಫ್ಲ್ಯಾಗ್ ಹಾಕಿಬಿಡುವ ಮನಸ್ಸಾಗಬಹುದು, ಅವಸರ ಬೇಡ. ಡೈರೆಕ್ಟ್ ಬಫರ್ ಮಿತಿ ಮುಟ್ಟಿದಾಗ ಜಾವಾ ಲೈಬ್ರರಿಯೇ ಒಳಗಿಂದ ಸಿಸ್ಟಮ್ ಡಾಟ್ ಜಿಸಿ ಕರೆದು ಹಳೆಯ ಬಫರ್‌ಗಳನ್ನು ಬಿಡಿಸಿಕೊಳ್ಳುತ್ತದೆ. ಆ ಬಾಗಿಲು ಮುಚ್ಚಿದರೆ ಇನ್ನೊಂದು ಬಗೆಯ ಔಟ್ ಆಫ್ ಮೆಮೊರಿ ಶುರುವಾಗುತ್ತದೆ. ಕರೆಯುವ ಕೋಡನ್ನೇ ಅಳಿಸುವುದು ಒಳ್ಳೆಯದು. ಇದೇ ಸಾಲಿನಲ್ಲಿ, ಮೆಥಡ್‌ನ ಕೊನೆಯಲ್ಲಿ ಲೋಕಲ್ ವೇರಿಯಬಲ್‌ಗಳಿಗೆಲ್ಲ ನಲ್ ಹಾಕುವ ಅಭ್ಯಾಸದಿಂದಲೂ ಪ್ರಯೋಜನವಿಲ್ಲ. ಆಬ್ಜೆಕ್ಟ್ ಬಿಡುಗಡೆಗೆ ಮುನ್ನ ಜಿಸಿ ಕರೆಸುವ ಫೈನಲೈಜ್ ಮೆಥಡ್ ಅಂತೂ ಜಾವಾ 9ರಲ್ಲೇ ಬಳಸಬಾರದ ಪಟ್ಟಿಗೆ ಸೇರಿತು.

ಲಿಮಿಟ್ 4 ಜಿಬಿ ಮಾಡುವುದು ಯಾವಾಗಲೂ ತಪ್ಪಲ್ಲ. ತಳದ ಬಿಂದು ಸ್ಥಿರವಾಗಿದ್ದು, ಸರ್ವಿಸ್‌ಗೆ ನಿಜವಾಗಿಯೇ ಹೆಚ್ಚು ಜಾಗ ಬೇಕಿದ್ದರೆ ಅದೇ ಸರಿಯಾದ ಪರಿಹಾರ. ಸೋರಿಕೆ ಇದ್ದರೆ ಸಾವು ನಾಲ್ಕನೇ ದಿನದ ಬದಲು ಹತ್ತನೇ ದಿನ ಬರುತ್ತದೆ, ಹೀಪ್ ಡಂಪ್ ದೊಡ್ಡದಾಗುತ್ತದೆ, ಅಷ್ಟೆ. ಹಬ್ಬದ ಮಾರಾಟವೋ ತಿಂಗಳ ಕೊನೆಯ ಬಿಲ್ಲಿಂಗೋ ಎದುರಿಗಿದ್ದರೆ ತಾತ್ಕಾಲಿಕವಾಗಿ ಏರಿಸಿ ಉಸಿರಾಡಿ, ಅದರಲ್ಲಿ ನಾಚಿಕೆಪಡುವುದೇನಿಲ್ಲ. ಆದರೆ ಲಿಮಿಟ್ ಜೊತೆಗೆ ಎಕ್ಸ್‌ಎಂಎಕ್ಸ್ ಅನ್ನೂ 4 ಜಿಬಿ ಮಾಡಿದರೆ ಈಗಿನ ತಪ್ಪೇ ದೊಡ್ಡ ಪ್ರಮಾಣದಲ್ಲಿ ಮರುಕಳಿಸುತ್ತದೆ.

ರಸ್ಟ್ ವಿಚಾರಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಮೆಮೊರಿಯನ್ನು ತಾನೇ ಬಿಡಿಸುವ ಎರಡು ಮೂಲ ದಾರಿಗಳೂ 1960ರಷ್ಟು ಹಳೆಯವು. ಬೇರಿನಿಂದ ಹೊರಟು ಜೀವಂತವಾದದ್ದನ್ನು ಗುರುತಿಸುವ ಉಪಾಯವನ್ನು ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಗಾಗಿ ಪ್ರಕಟಿಸಿದರು. ಪ್ರತಿ ಆಬ್ಜೆಕ್ಟ್‌ಗೆ ಎಷ್ಟು ರೆಫರೆನ್ಸ್ ಇವೆ ಎಂದು ಎಣಿಸಿ, ಎಣಿಕೆ ಸೊನ್ನೆಯಾದಾಗ ಬಿಡಿಸುವ ದಾರಿಯನ್ನು ಅದೇ ವರ್ಷ ಜಾರ್ಜ್ ಕಾಲಿನ್ಸ್ ಬರೆದರು. ಜಾವಾ ಮತ್ತು ಗೋ ಮೊದಲ ದಾರಿ ಹಿಡಿದವು. ಸ್ವಿಫ್ಟ್ ಎರಡನೆಯದು. ಪೈಥಾನ್‌ನ ಮುಖ್ಯ ಆವೃತ್ತಿ ಎಣಿಸುತ್ತದೆ. ಎರಡು ಆಬ್ಜೆಕ್ಟ್ ಒಂದನ್ನೊಂದು ಹಿಡಿದುಕೊಂಡರೆ ಎಣಿಕೆ ಸೊನ್ನೆಯಾಗದ ಕಾರಣ, ಅಂಥ ಸುತ್ತುಗಳಿಗೆಂದೇ ಇನ್ನೊಂದು ಕಲೆಕ್ಟರ್ ಇಟ್ಟುಕೊಂಡಿದೆ. ರಸ್ಟ್‌ನಲ್ಲಿ ಯಾರು ಒಡೆಯ ಎಂಬುದು ಕಂಪೈಲ್ ಹೊತ್ತಿಗೇ ಗೊತ್ತಿರುತ್ತದೆ, ಒಡೆಯ ಹೋದಾಗ ಆಸ್ತಿಯೂ ಹೋಗುತ್ತದೆ. ಈ ಯಾವ ದಾರಿಯಲ್ಲೂ ಸ್ಟ್ಯಾಟಿಕ್ ಮ್ಯಾಪ್‌ಗೆ ಸೇರಿಸುತ್ತಲೇ ಹೋದರೆ ಮೆಮೊರಿ ತುಂಬುತ್ತದೆ. ರಸ್ಟ್ ಕೂಡ ಸೋರಿಕೆಯೇ ಆಗದು ಎಂಬ ಭರವಸೆ ಕೊಟ್ಟಿಲ್ಲ.

ಜಿಸಿ ಆಗಲಿ ರಸ್ಟ್ ಆಗಲಿ ಕೊಡುವ ನಿಜವಾದ ಲಾಭ ಬೇರೆ. ಬಿಡಿಸಿಬಿಟ್ಟ ಜಾಗವನ್ನು ಮತ್ತೆ ಮುಟ್ಟುವುದು, ಒಂದೇ ಜಾಗವನ್ನು ಎರಡು ಸಲ ಬಿಡಿಸುವುದು, ಇಂಥ ತಪ್ಪುಗಳು ಆಗದಂತೆ ನೋಡಿಕೊಳ್ಳುತ್ತವೆ. ಇದು ಚಿಕ್ಕ ಲಾಭವಲ್ಲ. ತಾನು ವರ್ಷವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು 70 ಶೇಕಡಾ ಮೆಮೊರಿ ಸುರಕ್ಷತೆಗೆ ಸಂಬಂಧಿಸಿದವು ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತ್ತು. ಅವು ಬಹುಪಾಲು ಸಿ ಮತ್ತು ಸಿ++ ಕೋಡ್‌ನವು. ಆ ಭದ್ರತೆ ನಿಮಗೆ ಜಾವಾದಲ್ಲಿ ಈಗಾಗಲೇ ಇದೆ. ಈ ಕಾರಣಕ್ಕಾಗಿ ಭಾಷೆ ಬದಲಿಸಿದರೆ ತಿಂಗಳುಗಟ್ಟಲೆ ದುಡಿದು ಅದೇ ಮ್ಯಾಪನ್ನು ಇನ್ನೊಂದು ಭಾಷೆಯಲ್ಲಿ ಬರೆದಿರುತ್ತೀರಿ. ಜಿ1 ಬಿಟ್ಟು ಝೆಡ್‌ಜಿಸಿ ಎಂಬ ಇನ್ನೊಂದು ಕಲೆಕ್ಟರ್‌ಗೆ ಹೋಗೋಣ ಎಂದು ಯಾರಾದರೂ ಹೇಳಿದರೂ ಉತ್ತರ ಇದೇ: ನಿಲುಗಡೆ ಕಡಿಮೆಯಾಗುತ್ತದೆ, ಸೋರಿಕೆ ಹಾಗೇ ಇರುತ್ತದೆ, ಮೆಮೊರಿ ಸಾಮಾನ್ಯವಾಗಿ ಹೆಚ್ಚೇ ಬೇಕಾಗುತ್ತದೆ.

ಡಂಪ್ ತೆಗೆಯುವುದು, ಓದುವುದು

ಎಕ್ಸ್‌ಎಂಎಕ್ಸ್ 1,300ಕ್ಕೆ ಇಳಿಸಿದಾಗ ಇನ್ನೂ ಮೂರು ಫ್ಲ್ಯಾಗ್ ಸೇರಿಸಿ: ಔಟ್ ಆಫ್ ಮೆಮೊರಿ ಆದಾಗ ಹೀಪ್ ಡಂಪ್ ಬರೆಯುವಂತೆ ಒಂದು, ಅದನ್ನು ಎಲ್ಲಿ ಬರೆಯಬೇಕೆಂದು ಒಂದು, ಬರೆದ ಮೇಲೆ ಪ್ರೊಸೆಸ್ ಮುಗಿಯುವಂತೆ ಎಕ್ಸಿಟ್‌ಆನ್‌ಔಟ್‌ಆಫ್‌ಮೆಮೊರಿಎರರ್. ಕೊನೆಯದು ಇಲ್ಲದಿದ್ದರೆ ಎರರ್ ಬಂದ ಥ್ರೆಡ್ ಮಾತ್ರ ಸತ್ತು ಸರ್ವಿಸ್ ಅರೆಜೀವವಾಗಿ ಉಳಿಯಬಹುದು. ಅದು ಪೂರ್ತಿ ಸಾಯುವುದಕ್ಕಿಂತ ಕೆಟ್ಟದ್ದು. ಡಂಪ್ ಬರೆಯುವ ಜಾಗ ಕಂಟೇನರ್‌ನ ಸ್ವಂತ ಫೈಲ್ ವ್ಯವಸ್ಥೆಯಲ್ಲಿದ್ದರೆ ಕಂಟೇನರ್ ಮರುಹುಟ್ಟಿನ ಜೊತೆ ಫೈಲ್ ಮಾಯವಾಗುತ್ತದೆ. ಪ್ರತ್ಯೇಕ ವಾಲ್ಯೂಮ್ ಜೋಡಿಸಿ, ಕನಿಷ್ಠ 2 ಜಿಬಿ ಖಾಲಿ ಇಡಿ. ಇನ್ನೊಂದು ಬಲೆ ಲೈವ್‌ನೆಸ್ ಪ್ರೋಬ್, ಅಂದರೆ ಸರ್ವಿಸ್ ಬದುಕಿದೆಯೇ ಎಂದು ಕುಬರ್ನೆಟಿಸ್ ಆಗಾಗ ಕೇಳುವ ಪ್ರಶ್ನೆ. ಡಂಪ್ ಬರೆಯುವಾಗ ಇಡೀ ಜೆವಿಎಂ ನಿಂತಿರುತ್ತದೆ, ಪ್ರೋಬ್‌ಗೆ ಉತ್ತರ ಹೋಗುವುದಿಲ್ಲ. ಕುಬರ್ನೆಟಿಸ್ ಬೇರೇನೂ ಹೇಳದಿದ್ದರೆ 10 ಸೆಕೆಂಡಿಗೊಮ್ಮೆ ಕೇಳಿ, ಮೂರು ಸಲ ಸೋತರೆ ಕಂಟೇನರ್ ಮುಗಿಸುತ್ತದೆ. ಅರ್ಧ ಬರೆದ ಡಂಪ್ ಸಾಮಾನ್ಯವಾಗಿ ತೆರೆಯುವುದೇ ಇಲ್ಲ. ತನಿಖೆಯ ಕಾಲಕ್ಕೆ ಸೋಲಿನ ಎಣಿಕೆಯನ್ನು 3ರಿಂದ 12ಕ್ಕೆ ಏರಿಸಿ.

ಸಾಯುವವರೆಗೆ ಕಾಯಬೇಕಿಲ್ಲ. ತಳ ಏರುತ್ತಿದೆ ಎಂದು ಲಾಗ್ ಹೇಳಿದ ದಿನವೇ ಒಂದು ಪಾಡನ್ನು ಬೇರೆ ಮಾಡಿ. ಟ್ರಾಫಿಕ್ ಹಂಚುವ ಕುಬರ್ನೆಟಿಸ್ ಸರ್ವಿಸ್ ಯಾವ ಲೇಬಲ್ ನೋಡಿ ಪಾಡ್‌ಗಳನ್ನು ಆರಿಸುತ್ತದೋ ಆ ಲೇಬಲ್ ಬದಲಿಸಿದರೆ ಆ ಪಾಡ್‌ಗೆ ಟ್ರಾಫಿಕ್ ನಿಲ್ಲುತ್ತದೆ. ಪಾಡ್‌ಗಳ ಸಂಖ್ಯೆ ಕಾಯುವ ಡಿಪ್ಲಾಯ್‌ಮೆಂಟ್ ಕೂಡ ಅದೇ ಲೇಬಲ್ ನೋಡುತ್ತಿದ್ದರೆ ಬದಲಿ ಪಾಡ್ ತಾನೇ ಏಳುತ್ತದೆ, ಹಳೆಯದು ನಿಮ್ಮ ಕೈಯಲ್ಲಿ ಉಳಿಯುತ್ತದೆ. ಅದರೊಳಗೆ ಜೆಸಿಎಂಡಿ ಉಪಕರಣಕ್ಕೆ ಜಿಸಿ ಡಾಟ್ ಹೀಪ್ ಡಂಪ್ ಎಂಬ ಆಜ್ಞೆ ಕೊಡಿ. ಅದು ಮೊದಲು ಫುಲ್ ಜಿಸಿ ನಡೆಸಿ ಜೀವಂತವಾದದ್ದನ್ನಷ್ಟೇ ಬರೆಯುತ್ತದೆ, ನಮಗೂ ಬೇಕಾದ್ದು ಅದೇ. ಇಮೇಜ್‌ನಲ್ಲಿ ಜೆಆರ್‌ಇ (ಜಾವಾ ಓಡಿಸಲಷ್ಟೇ ಬೇಕಾದ ಭಾಗ) ಮಾತ್ರ ಇದ್ದರೆ ಜೆಸಿಎಂಡಿ ಇರುವುದಿಲ್ಲ, ಮೊದಲೇ ನೋಡಿಕೊಳ್ಳಿ. ಸರ್ವಿಸ್‌ನ ಸ್ಥಿತಿ ತೋರಿಸುವ ಸ್ಪ್ರಿಂಗ್ ಆಕ್ಚುವೇಟರ್‌ನ ಹೀಪ್‌ಡಂಪ್ ವಿಳಾಸದಿಂದಲೂ ಡಂಪ್ ಸಿಗುತ್ತದೆ. ಆದರೆ ಅದು ಹೊರಗಿನವರಿಗೆ ತೆರೆದಿದ್ದರೆ ದೊಡ್ಡ ಅನಾಹುತ. ಹೀಪ್ ಡಂಪ್‌ನಲ್ಲಿ ಆ ಕ್ಷಣ ಮೆಮೊರಿಯಲ್ಲಿದ್ದ ಪಾಸ್‌ವರ್ಡ್, ಟೋಕನ್, ಗ್ರಾಹಕರ ಫೋನ್ ನಂಬರ್ ಎಲ್ಲವೂ ಓದುವಂತೆ ಇರುತ್ತದೆ. ಅದನ್ನು ಚಾಟ್ ಗ್ರೂಪ್‌ಗೆ ಹಾಕಬೇಡಿ, ಅನಾಮಿಕ ವೆಬ್‌ಸೈಟಿಗೆ ಏರಿಸಬೇಡಿ. ಕೆಲಸ ಮುಗಿದ ಮೇಲೆ ಅಳಿಸಿ. ಗ್ರಾಹಕರ ವಿವರ ಸೋರಿದರೆ ಅದು ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯ.

ಓದಲು ಎಕ್ಲಿಪ್ಸ್ ಮೆಮೊರಿ ಅನಲೈಸರ್ ಸಾಕು, ಉಚಿತವಾಗಿ ಸಿಗುತ್ತದೆ. ತೆರೆದ ತಕ್ಷಣ ಹಿಸ್ಟೋಗ್ರಾಮ್ (ಕ್ಲಾಸ್‌ವಾರು ಪಟ್ಟಿ) ನೋಡಿದರೆ ಬೈಟ್ ಅರೇ, ಸ್ಟ್ರಿಂಗ್, ಹ್ಯಾಶ್‌ಮ್ಯಾಪ್ ನೋಡ್ ಮೇಲಿರುತ್ತವೆ. ಯಾವ ಜಾವಾ ಪ್ರೋಗ್ರಾಮ್‌ನಲ್ಲೂ ಹೀಗೇ, ಅಲ್ಲಿ ನಿಲ್ಲಬೇಡಿ. ಯಾವುದು ಯಾವುದನ್ನು ಹಿಡಿದಿಟ್ಟಿದೆ ಎಂದು ತೋರಿಸುವ ಡಾಮಿನೇಟರ್ ಟ್ರೀಗೆ ಹೋಗಿ ರಿಟೈನ್ಡ್ ಸೈಜ್ ಪ್ರಕಾರ ಜೋಡಿಸಿ. ಶ್ಯಾಲೋ ಸೈಜ್ ಎಂದರೆ ಆಬ್ಜೆಕ್ಟ್ ತಾನೊಂದೇ ಹಿಡಿದ ಜಾಗ. ರಿಟೈನ್ಡ್ ಸೈಜ್ ಎಂದರೆ ಅದು ಹೋದರೆ ಅದರ ಜೊತೆ ಎಷ್ಟು ಬಿಡುಗಡೆಯಾಗುತ್ತದೆ ಎಂಬುದು. ಶ್ಯಾಲೋ 64 ಬೈಟ್, ರಿಟೈನ್ಡ್ 700 ಎಂಬಿ ಎಂಬ ಕನ್‌ಕರೆಂಟ್ ಹ್ಯಾಶ್‌ಮ್ಯಾಪ್ ಕಣ್ಣಿಗೆ ಬಿದ್ದರೆ ಅದರ ಮೇಲೆ ಬಲ ಕ್ಲಿಕ್ ಮಾಡಿ, ವೀಕ್ ಮತ್ತು ಸಾಫ್ಟ್ ರೆಫರೆನ್ಸ್ (ಜಿಸಿ ಕಡಿದುಹಾಕಬಲ್ಲ ಸಡಿಲ ಹಿಡಿತಗಳು) ಬಿಟ್ಟು ಜಿಸಿ ಬೇರಿನವರೆಗಿನ ದಾರಿ ಕೇಳಿ. ಯಾವ ಕ್ಲಾಸಿನ ಯಾವ ಸ್ಟ್ಯಾಟಿಕ್ ಫೀಲ್ಡ್ ಅದನ್ನು ಹಿಡಿದಿದೆ ಎಂದು ಹೆಸರು ಸಮೇತ ಬರುತ್ತದೆ. ಅನುಮಾನ ಉಳಿದರೆ ಒಂದು ದಿನ ಬಿಟ್ಟು ಇನ್ನೊಂದು ಡಂಪ್ ತೆಗೆದು ಎರಡನ್ನೂ ಹೋಲಿಸಿ. ದೊಡ್ಡದಾಗಿರುವುದು ತಪ್ಪಲ್ಲ, ಬೆಳೆಯುತ್ತಿರುವುದನ್ನು ಹುಡುಕಬೇಕು.

ಮ್ಯಾಪ್ ಸರಿಪಡಿಸುವ ದಾರಿಗಳು

ಅತಿ ಕಡಿಮೆ ಕೆಲಸದ ದಾರಿ: ಮ್ಯಾಪ್ ಜಾಗದಲ್ಲಿ ಕ್ಯಾಫೀನ್ ಲೈಬ್ರರಿಯ ಕ್ಯಾಶ್ ಇಡುವುದು. ಗರಿಷ್ಠ 20,000 ದಾಖಲೆ, ಕೊನೆಯ ಬಳಕೆಯಿಂದ 30 ನಿಮಿಷಕ್ಕೆ ಅವಧಿ ಮುಗಿತ ಎಂದು ಎರಡೂ ಮಿತಿ ಕೊಡಿ. 20 ಕೆಬಿಯ ಲೆಕ್ಕದಲ್ಲಿ ಅತಿ ಹೆಚ್ಚೆಂದರೆ 400 ಎಂಬಿ, ಅದರಾಚೆ ಹೋಗದು. ಕಷ್ಟವೆಂದರೆ ಮಿತಿ ಚಿಕ್ಕದಾದರೆ ಕೆಲಸ ಮಾಡುತ್ತಿರುವವರೇ ಹೊರಬೀಳುತ್ತಾರೆ, ದೂರು ಬರುತ್ತದೆ. ಪಾಡ್ ಮರುಹುಟ್ಟಿದಾಗ ಎಲ್ಲರೂ ಮತ್ತೆ ಲಾಗಿನ್ ಆಗಬೇಕಾದ ಈಗಿನ ತೊಂದರೆಯೂ ಹಾಗೇ ಉಳಿಯುತ್ತದೆ. ಒಂದಕ್ಕಿಂತ ಹೆಚ್ಚು ಪಾಡ್ ಇದ್ದರೆ ಸೆಷನ್ನನ್ನು ರೆಡಿಸ್‌ನಂಥ ಹೊರಗಿನ ಜಾಗದಲ್ಲಿ ಅವಧಿ ಸಹಿತ ಇಡುವುದೇ ಮೇಲು. ಬೆಲೆಯಾಗಿ ಪ್ರತಿ ರಿಕ್ವೆಸ್ಟ್‌ಗೂ ಒಂದು ನೆಟ್‌ವರ್ಕ್ ಓಡಾಟ, ಮತ್ತು ರೆಡಿಸ್ ಬಿದ್ದರೆ ಏನು ಮಾಡಬೇಕೆಂಬ ಹೊಸ ಪ್ರಶ್ನೆ ಸೇರಿಕೊಳ್ಳುತ್ತವೆ. ನನ್ನ ಒಲವು ಇದರ ಕಡೆಗೆ. ಆದರೆ ಮೊದಲು ಕ್ಯಾಫೀನ್ ಹಾಕಿ ಸಾವು ನಿಲ್ಲಿಸಿ, ಆಮೇಲೆ ನಿಧಾನವಾಗಿ ಸ್ಥಳಾಂತರಿಸಿ.

ವೀಕ್‌ಹ್ಯಾಶ್‌ಮ್ಯಾಪ್ ಬಳಸಿದರೆ ಎಲ್ಲ ತಾನೇ ಹೋಗುತ್ತದೆ ಎಂದು ಓದಿರಬಹುದು, ಇಲ್ಲಿಗೆ ಅದು ಸಲ್ಲದು. ಅದರಲ್ಲಿ ದುರ್ಬಲವಾಗಿರುವುದು ಕೀ. ರಿಕ್ವೆಸ್ಟ್‌ನಿಂದ ಬಂದ ಟೋಕನ್ ಸ್ಟ್ರಿಂಗನ್ನು ಕೀ ಮಾಡಿದರೆ ರಿಕ್ವೆಸ್ಟ್ ಮುಗಿದ ಮೇಲೆ ಅದನ್ನು ಹಿಡಿದವರೇ ಇಲ್ಲ, ಮುಂದಿನ ಜಿಸಿಗೆ ಬಳಕೆದಾರ ಲಾಗ್‌ಔಟ್. ಮೌಲ್ಯದೊಳಗೆ ಅದೇ ಕೀ ಆಬ್ಜೆಕ್ಟ್ ಇದ್ದರೆ ಉಲ್ಟಾ: ದಾಖಲೆ ಎಂದೂ ಹೋಗದು. ಸಾಮಾನ್ಯವಾಗಿ ಮೆಮೊರಿ ಸಾಲದಾದಾಗಲೇ ಸಡಿಲವಾಗುವ ಸಾಫ್ಟ್ ರೆಫರೆನ್ಸ್ ಇಟ್ಟರೆ ಹೀಪ್ ಸದಾ ತುಂಬಿಕೊಂಡೇ ಇದ್ದು ಜಿಸಿ ಏದುಸಿರು ಬಿಡುತ್ತಿರುತ್ತದೆ. ಅದೂ ಬೇಡ.

ಹೀಪ್ ಸ್ಥಿರವಾಗಿದ್ದೂ ಪಾಡ್ ಸತ್ತರೆ

ಆಗ ಸೋರಿಕೆ ಹೀಪ್‌ನ ಹೊರಗೆ. ಜೆವಿಎಂನ ಖರ್ಚನ್ನು ವಿಭಾಗವಾರು ಎಣಿಸುವ ನೇಟಿವ್ ಮೆಮೊರಿ ಟ್ರ್ಯಾಕಿಂಗ್ ಫ್ಲ್ಯಾಗನ್ನು ಸಮ್ಮರಿ ಮಟ್ಟದಲ್ಲಿ ಹಾಕಿ ಪಾಡ್ ಎಬ್ಬಿಸಿ. 5ರಿಂದ 10 ಶೇಕಡಾ ವೇಗ ಕಡಿಮೆಯಾಗಬಹುದು, ಆದ್ದರಿಂದ ಒಂದೇ ಪಾಡ್‌ಗೆ ಸಾಕು. ಸರ್ವಿಸ್ ಬೆಚ್ಚಗಾದ ಮೇಲೆ ಜೆಸಿಎಂಡಿಯಿಂದ ಬೇಸ್‌ಲೈನ್ ಹಿಡಿದು, ಒಂದು ದಿನ ಬಿಟ್ಟು ವ್ಯತ್ಯಾಸ ಕೇಳಿ. ಥ್ರೆಡ್ ವಿಭಾಗ ಬೆಳೆದಿದ್ದರೆ ಯಾರೋ ಪ್ರತಿ ರಿಕ್ವೆಸ್ಟ್‌ಗೂ ಹೊಸ ಥ್ರೆಡ್ ಪೂಲ್ ಕಟ್ಟುತ್ತಿದ್ದಾರೆ. ಕ್ಲಾಸ್ ವಿಭಾಗ ಬೆಳೆದಿದ್ದರೆ ಓಡುವಾಗಲೇ ಹೊಸ ಕ್ಲಾಸ್ ಹುಟ್ಟಿಸುವ ಲೈಬ್ರರಿಯನ್ನು ನೋಡಿ. ಈ ವರದಿಯ ಒಟ್ಟು ಮೊತ್ತಕ್ಕೂ ಕರ್ನಲ್ ಹೇಳುವ ಆರ್‌ಎಸ್‌ಎಸ್‌ಗೂ (ಪ್ರೊಸೆಸ್ ನಿಜವಾಗಿ ಹಿಡಿದ ರ್ಯಾಮ್) ನೂರಾರು ಎಂಬಿ ಅಂತರವಿದ್ದು ಅದು ಬೆಳೆಯುತ್ತಿದ್ದರೆ, ಜೆವಿಎಂಗೆ ಕಾಣದ ನೇಟಿವ್ ಲೈಬ್ರರಿಗಳ ಕಡೆ ಬೆರಳು ತೋರುತ್ತದೆ. ಕ್ಲೋಸ್ ಮಾಡದ ಜಿಝಿಪ್ ಸ್ಟ್ರೀಮ್ ಒಂದು ಮಾಮೂಲಿ ಕಾರಣ. ತಾನೇ ಕ್ಲೋಸ್ ಮಾಡುವ ಟ್ರೈ ವಿತ್ ರಿಸೋರ್ಸಸ್ ಬಳಸಿದರೆ ಮುಗಿಯಿತು. ಇನ್ನೊಂದು ಜಿಲಿಬ್‌ಸಿ ಎಂಬ ಲಿನಕ್ಸ್ ಲೈಬ್ರರಿಯ ಅರೀನಾಗಳು, ಅಂದರೆ ಮೆಮೊರಿ ಹಂಚಲು ಅದು ಇಟ್ಟುಕೊಳ್ಳುವ ಗುಡ್ಡೆಗಳು. 64 ಬಿಟ್‌ನಲ್ಲಿ ಕೋರ್‌ಗೆ 8ರಂತೆ ಅರೀನಾ ತೆರೆಯಬಲ್ಲದು, ದೊಡ್ಡ ನೋಡ್‌ನಲ್ಲಿ ಇದು ಬಹಳ ಆಗುತ್ತದೆ. ಮ್ಯಾಲಕ್ ಅರೀನಾ ಮ್ಯಾಕ್ಸ್ ಎಂಬ ಪರಿಸರ ವೇರಿಯಬಲ್‌ಗೆ 2 ಕೊಟ್ಟು ನೋಡಿ. ಆಲ್ಪೈನ್ ಇಮೇಜ್‌ನಲ್ಲಿ ಬೇರೆ ಲೈಬ್ರರಿ ಇರುವುದರಿಂದ ಅಲ್ಲಿ ಇದು ನಡೆಯದು.

ಖರ್ಚು ಉಳಿಸಲು ಮುಂದೆ ಯಾರಾದರೂ ಪಾಡ್‌ನ ಸಿಪಿಯುವನ್ನು 2ರಿಂದ 1ಕ್ಕೆ ಇಳಿಸಿದರೆ ಒಂದು ವಿಷಯ ಗಮನದಲ್ಲಿರಲಿ. 2 ಸಿಪಿಯು ಅಥವಾ ಸುಮಾರು 1,792 ಎಂಬಿಗಿಂತ ಕಡಿಮೆ ಕಂಡರೆ ಜಾವಾ 17 ಸದ್ದಿಲ್ಲದೆ ಜಿ1 ಬಿಟ್ಟು, ಒಂದೇ ಥ್ರೆಡ್‌ನಲ್ಲಿ ಕೆಲಸ ಮಾಡುವ ಸೀರಿಯಲ್ ಕಲೆಕ್ಟರ್ ಆರಿಸುತ್ತದೆ. ಆಗ ನಿಲುಗಡೆಗಳ ಸ್ವರೂಪವೇ ಬದಲಾಗುತ್ತದೆ. ಜಿಸಿ ಲಾಗ್‌ನ ಮೊದಲ ಸಾಲುಗಳಲ್ಲೇ ಯಾವ ಕಲೆಕ್ಟರ್ ಎಂದು ಬರೆದಿರುತ್ತದೆ.

ಬದಲಾವಣೆಗಳನ್ನು ಒಂದೇ ರಿಲೀಸ್‌ನಲ್ಲಿ ಸುರಿಯಬೇಡಿ. ಮೊದಲು ಶೆಡ್ಯೂಲರ್ ತೆಗೆದು, ಹೀಪ್ ಇಳಿಸಿ, ಲಾಗ್ ಮತ್ತು ಡಂಪ್ ಫ್ಲ್ಯಾಗ್ ಹಾಕಿ ಬಿಡಿ. ನಾಲ್ಕು ದಿನ ತಳದ ಬಿಂದು ಬರೆದಿಟ್ಟುಕೊಳ್ಳಿ. ಜಾವಾದ್ದೇ ಎರರ್ ಬಂದರೆ ಸೋರಿಕೆ ಹೀಪ್‌ನೊಳಗೆ; ಅಥವಾ 1,300 ನಿಮಗೆ ನಿಜಕ್ಕೂ ಸಾಲದು, ಅದನ್ನು ತಳದ ಗೆರೆಯೇ ಹೇಳುತ್ತದೆ. ಮತ್ತೆ 137 ಬಂದರೆ ಹೊರಗೆ. ಏನೂ ಆಗದೆ ತಳ ಸ್ಥಿರವಾಗಿದ್ದರೆ ತಪ್ಪಿದ್ದು ಲೆಕ್ಕ ಮಾತ್ರ. ಮ್ಯಾಪ್ ತಿದ್ದಿದ ಮೇಲೆ ಪ್ರೊಡಕ್ಷನ್‌ಗೆ ಕಳಿಸುವ ಮೊದಲು ಸ್ಟೇಜಿಂಗ್‌ನಲ್ಲಿ (ಪರೀಕ್ಷೆಯ ಪರಿಸರ) ಹೀಪನ್ನು ಬೇಕೆಂದೇ ಸಣ್ಣದು ಮಾಡಿ, ಸರ್ವಿಸ್ ಏಳಲು ಬೇಕಾದಷ್ಟರ ಮೇಲೆ 150 ಎಂಬಿ ಇಟ್ಟರೆ ಸಾಕು, ಕ್ಯಾಶ್‌ನ ಗರಿಷ್ಠ ಮಿತಿಯನ್ನೂ 2,000 ದಾಖಲೆಗೆ ಇಳಿಸಿ. ಲಾಗ್‌ಔಟ್ ಮಾಡದ ಲಾಗಿನ್‌ಗಳನ್ನು ಲೋಡ್ ಟೆಸ್ಟ್‌ನಿಂದ ಸತತ ಕಳಿಸಿ. 20 ಕೆಬಿಯ ಲೆಕ್ಕದಲ್ಲಿ ಹಳೆಯ ಕೋಡ್ ಸುಮಾರು 7,500 ಲಾಗಿನ್‌ಗೆ ಬೀಳಬೇಕು, ಅದನ್ನು ಒಮ್ಮೆ ಬೀಳಿಸಿ ನೋಡಿ. ಹೊಸ ಕೋಡ್ 30,000 ದಾಟಿಯೂ ನಿಂತು, ಜಿಸಿ ನಂತರದ ತಳ ಒಂದು ಮಟ್ಟದಲ್ಲಿ ಉಳಿದರೆ ಬಿಡುಗಡೆ ಮಾಡಬಹುದು. ಮೈಕ್ರೋಮೀಟರ್ ಎಂಬ ಅಳತೆಯ ಲೈಬ್ರರಿ ಕೊಡುವ ಜಿಸಿ ಲೈವ್ ಡೇಟಾ ಸೈಜ್ ಎಂಬ ಅಳತೆಗೆ, ಹೀಪ್‌ನ 70 ಶೇಕಡಾ ದಾಟಿದರೆ ಕೂಗುವ ಅಲರ್ಟ್ ಕಟ್ಟಿಡಿ. ಪಾಡ್‌ನ ಒಟ್ಟು ಮೆಮೊರಿ ಗ್ರಾಫ್‌ಗೆ ಕಟ್ಟಿದ ಅಲರ್ಟ್‌ನಿಂದ ಹೀಪ್‌ನ ಸೋರಿಕೆ ತಿಳಿಯುವುದಿಲ್ಲ.